ಮೂಲವ್ಯಾಧಿ: ಮುಲಾಮಿಗೂ ಮೊದಲು ಮಲ ಮೆತ್ತಗಾಗಲಿ

ಗುದದ್ವಾರದ ಒಳಗೆ ರಕ್ತನಾಳಗಳು ತುಂಬಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಗಟ್ಟಿ ಮಲ, ತಿಣುಕಾಟ, ಗರ್ಭಾವಸ್ಥೆಯಂಥ ಕಾರಣಗಳಿಂದ ಅವು ಊದಿ ಕೆಳಗೆ ಜಾರಿದರೆ ಅದೇ ಮೂಲವ್ಯಾಧಿ. ಒಳಗಿನದಾದರೆ ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಹೋಗುತ್ತದೆ. ಹೊರಗಿನದು ತುರಿಸುತ್ತದೆ, ರಕ್ತ ಹೆಪ್ಪುಗಟ್ಟಿದರೆ ಕೂರಲೂ ಬಿಡುವುದಿಲ್ಲ. ಮಲ ಹೋಗುವಾಗ ಕೊಯ್ದಂತೆ ನೋಯುತ್ತಿದ್ದರೆ ಅದು ಬಹುಶಃ ಫಿಶರ್, ಅಂದರೆ ಸೀಳು. ಅದರ ಚಿಕಿತ್ಸೆಯೇ ಬೇರೆ. ಆದ್ದರಿಂದ ಮೊದಲ ಸಲ ರಕ್ತ ಕಂಡಾಗ ವೈದ್ಯರಿಗೆ ತೋರಿಸಿ, ಇಂಥದ್ದೇ ಎಂದು ಖಚಿತ ಮಾಡಿಕೊಳ್ಳಿ. ವಯಸ್ಸು 45 ದಾಟಿದ್ದರೆ, ತೂಕ ಇಳಿಯುತ್ತಿದ್ದರೆ, ಮಲ ಕಪ್ಪಾಗಿದ್ದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಇದನ್ನು ಮುಂದೂಡಲೇಬೇಡಿ.

ಎರಡನೆಯ ಹಂತ, ಮಲವನ್ನು ಮೆತ್ತಗಾಗಿಸುವ ನಾರು. ಹೆಚ್ಚಿನವರು ಎಡವುವುದು ಇಲ್ಲೇ. ದಿನಕ್ಕೆ ಒಟ್ಟು 25ರಿಂದ 30 ಗ್ರಾಂ ನಾರು ಬೇಕು. ಊಟದಲ್ಲಿ ಸಾಲದ್ದನ್ನು ಇಸಬ್‌ಗೋಲ್ ಹೊಟ್ಟಿನಿಂದ ತುಂಬಿಕೊಳ್ಳಬೇಕು. ಮೊದಲ ದಿನವೇ ಮೂರು ಚಮಚ ಸುರಿದುಕೊಂಡರೆ ಹೊಟ್ಟೆ ಉಬ್ಬರಿಸಿ, ಮರುದಿನವೇ ಬಿಟ್ಟುಬಿಡುತ್ತೀರಿ. ಒಂದು ಟೀ ಚಮಚದಿಂದ ಶುರುಮಾಡಿ, ವಾರಕ್ಕೊಂದು ಚಮಚ ಏರಿಸಿ. 250 ಮಿಲಿ ನೀರಿಗೆ ಹಾಕಿ, ಕದಡಿ, ಕೂಡಲೇ ಕುಡಿಯಿರಿ. ಎರಡು ನಿಮಿಷ ಬಿಟ್ಟರೆ ಅದು ಲೋಳೆಗಟ್ಟಿ ಗಂಟಲಿಗಿಳಿಯದು. ಮೇಲೆ ಇನ್ನೊಂದು ಲೋಟ ನೀರು ಬೇಕೇ ಬೇಕು, ಏಕೆಂದರೆ ನೀರು ಸಾಲದಿದ್ದರೆ ಇದೇ ಹೊಟ್ಟು ಮಲಬದ್ಧತೆಯನ್ನು ಹೆಚ್ಚಿಸುತ್ತದೆ. ಒಣ ಪುಡಿಯನ್ನು ಬಾಯಿಗೆ ಹಾಕಿಕೊಳ್ಳುವುದು ಅಪಾಯ. ನುಂಗಲು ಕಷ್ಟವಿರುವವರು, ಕರುಳು ಕಟ್ಟಿಕೊಂಡ ತೊಂದರೆ ಇದ್ದವರು ಇದರ ತಂಟೆಗೆ ಹೋಗಬಾರದು. ಬೇರೆ ಮಾತ್ರೆಗಳಿಗೂ ಇದಕ್ಕೂ ಎರಡು ಗಂಟೆ ಅಂತರವಿರಲಿ. ರಕ್ತ ಪೂರ್ತಿ ಹಿಡಿತಕ್ಕೆ ಬರಲು ಆರು ವಾರವೂ ಹಿಡಿಯಬಹುದು. ನಾಲ್ಕೇ ದಿನಕ್ಕೆ ನಿಂತಿತೆಂದು ನಿಲ್ಲಿಸಿದವರಿಗೆ ಮತ್ತೆ ಶುರುವಾಗುತ್ತದೆ.

ಶೌಚಾಲಯದಲ್ಲಿ ಐದು ನಿಮಿಷ ಸಾಕು. ಫೋನ್ ಹೊರಗಿರಲಿ. ಕಮೋಡ್ ಆದರೆ ಕಾಲಡಿಗೆ ಚಿಕ್ಕ ಮಣೆ ಇಟ್ಟುಕೊಳ್ಳಿ.

ಉರಿ, ನೋವಿಗೆ ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ 10ರಿಂದ 15 ನಿಮಿಷ, ದಿನಕ್ಕೆ ಎರಡು ಮೂರು ಸಲ ಕೂರಿ. ಬರಿ ನೀರೇ ಸಾಕು. ಡೆಟ್ಟಾಲ್ ಸುರಿದರೆ ಚರ್ಮ ಸುಟ್ಟು ತುರಿಕೆ ಇಮ್ಮಡಿಯಾಗುತ್ತದೆ. ಆಮೇಲೆ ಉಜ್ಜದೆ, ಒತ್ತಿ ಒರೆಸಿ. ಸುವಾಸನೆಯ ಒದ್ದೆ ವೈಪ್ಸ್ ಕೊಳ್ಳಲೇಬೇಡಿ.

ಮುಲಾಮು ಉರಿಯನ್ನಷ್ಟೇ ಇಳಿಸುತ್ತದೆ, ಜಾರಿದ ಮೆತ್ತೆಯನ್ನು ಮೇಲೇರಿಸುವುದಿಲ್ಲ. ಸ್ಟೀರಾಯ್ಡ್ ಇದ್ದರೆ ಒಂದು ವಾರ ಮೀರಬಾರದು, ಚರ್ಮ ತೆಳುವಾಗುತ್ತದೆ. ಏನೇನಿದೆ ಎಂದು ಟ್ಯೂಬಿನ ಮೇಲೆ ಬರೆಯದ, ‘ಮೂರೇ ದಿನದಲ್ಲಿ ಗುಣ’ ಎನ್ನುವ ಲೇಪಗಳನ್ನು ಮುಟ್ಟಬೇಡಿ. ಹೊರಗೆ ನೀಲಿಗಟ್ಟಿದ ಗಂಟು ದಿಢೀರನೆ ಎದ್ದು ತಡೆಯಲಾಗದಷ್ಟು ನೋಯುತ್ತಿದ್ದರೆ 72 ಗಂಟೆಯೊಳಗೆ ಸರ್ಜನ್ ಬಳಿ ಹೋಗಿ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಅದನ್ನು ತೆಗೆಯಬಹುದು.

ಇಷ್ಟಕ್ಕೂ ಬಗ್ಗದ ಒಳಮೂಲವ್ಯಾಧಿಗೆ, ಅದು ಪೂರ್ತಿ ಹೊರಗೇ ಉಳಿದಿಲ್ಲವಾದರೆ, ರಬ್ಬರ್ ಬ್ಯಾಂಡ್ ಹಾಕಿಸುವುದೇ, ಅಂದರೆ ಊದಿದ ಮೆತ್ತೆಯ ಬುಡಕ್ಕೆ ಪುಟ್ಟ ಬ್ಯಾಂಡ್ ಬಿಗಿಸಿ ರಕ್ತ ಹರಿಯದಂತೆ ಮಾಡಿಸುವುದೇ, ಮೊದಲ ಆಯ್ಕೆಯಾಗಲಿ. ಬ್ಯಾಂಡ್ ಕೂರುವ ಜಾಗದಲ್ಲಿ ನೋವಿನ ನರಗಳಿಲ್ಲ, ಆದ್ದರಿಂದ ಅರಿವಳಿಕೆ ಬೇಡ. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ಹೇಳಿ. 5ರಿಂದ 10 ದಿನಗಳಲ್ಲಿ ಗಂಟು ಬ್ಯಾಂಡಿನ ಸಮೇತ ಉದುರುತ್ತದೆ, ಆಗ ಸ್ವಲ್ಪ ರಕ್ತ ಸಹಜ. ಆದರೆ ನೋವು ಏರುತ್ತಾ ಹೋದರೆ, ಜ್ವರ ಬಂದರೆ ಅಥವಾ ಮೂತ್ರ ಕಟ್ಟಿದರೆ ಸೋಂಕು ಹರಡುತ್ತಿರಬಹುದು. ಬೆಳಗಾಗಲೆಂದು ಕಾಯದೆ ತುರ್ತು ಚಿಕಿತ್ಸೆಗೆ ಹೋಗಿ.