ಚಾರ್ಜರ್ ಬಂದಿದೆ, ಕರೆಂಟ್ ಬಂದಿಲ್ಲ: ಹೆದ್ದಾರಿ ಬದಿ ಫಾಸ್ಟ್ ಚಾರ್ಜಿಂಗ್ ಕೇಂದ್ರ ಕಟ್ಟುವಾಗ ನಾವು ಹಿಡಿಯುವ ದಾರಿ

ಹೆದ್ದಾರಿ ಬದಿಯ ಹೋಟೆಲ್ ಅಂಗಳದಲ್ಲಿ ಟಾರ್ಪಾಲಿನ್ ಸುತ್ತಿ ಹಗ್ಗ ಬಿಗಿದ ಚಾರ್ಜರ್ ಕಂಡರೆ, ಅಲ್ಲಿ ಕೆಲಸ ಹಿಂದುಮುಂದಾಗಿದೆ ಎಂದೇ ಲೆಕ್ಕ. ಯಂತ್ರ ಆರ್ಡರ್ ಕೊಟ್ಟ ಕೆಲವೇ ವಾರಕ್ಕೆ ಬರುತ್ತದೆ. ಕಟ್ಟೆಯ ಮೇಲೆ ಕೂರಿಸುವುದು ಅರ್ಧ ದಿನದ ಕೆಲಸ, ಚಾಲೂ ಮಾಡುವುದು ಇನ್ನೊಂದು ದಿನದ್ದು. ಉಳಿದ ತಿಂಗಳುಗಳನ್ನೆಲ್ಲ ತಿನ್ನುವುದು ಕರೆಂಟು. ಪವರ್ ಸ್ಯಾಂಕ್ಷನ್ (ಕೇಳಿದಷ್ಟು ಕರೆಂಟ್ ಕೊಡಲು ಮಂಜೂರಾತಿ) ಪತ್ರ ಕೈಗೆ ಬರುವ ತನಕ ನಾವು ಚಾರ್ಜರ್‌ಗೆ ಅಡ್ವಾನ್ಸ್ ಕೊಡುವುದಿಲ್ಲ. ವಾರಂಟಿಯನ್ನು ಯಂತ್ರ ಕಾರ್ಖಾನೆ ಬಿಟ್ಟ ದಿನದಿಂದಲೇ ಎಣಿಸುವ ಕರಾರು ಇದ್ದರಂತೂ ಟಾರ್ಪಾಲಿನ್ ಕೆಳಗೆ ಕಳೆದ ತಿಂಗಳುಗಳೂ ಅದರಲ್ಲೇ ಸೇರಿಹೋಗುತ್ತವೆ.

ತುಮಕೂರು, ಚಿತ್ರದುರ್ಗ, ದಾವಣಗೆರೆ ದಾಟಿ ಹಾವೇರಿ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 48ರಂಥ ಜಾಗದಲ್ಲಿ, ತಲಾ ಎರಡು ಗನ್ (ಕಾರಿಗೆ ಸಿಕ್ಕಿಸುವ ಪ್ಲಗ್) ಇರುವ 60 ಕಿಲೋವ್ಯಾಟ್‌ನ ಎರಡು ಚಾರ್ಜರ್‌ಗಳ ಕೇಂದ್ರವನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಜಾಗ ನೋಡಲು ಹೋದಾಗ ನೆಲಕ್ಕಿಂತ ಮೊದಲು ಕಂಬ ನೋಡಬೇಕು. ಅಂಗಳದ ಪಕ್ಕದಲ್ಲೇ 11 ಕೆವಿ ಲೈನ್ ಹೋಗಿದೆ ಎಂದು ಹೋಟೆಲ್ ಮಾಲೀಕರು ಖುಷಿಯಿಂದ ತೋರಿಸುತ್ತಾರೆ. ಆ ಲೈನ್ ಯಾವ ಫೀಡರ್‌ನದು (ಸಬ್‌ಸ್ಟೇಷನ್‌ನಿಂದ ಹೊರಡುವ ಯಾವ ಮುಖ್ಯ ಲೈನಿನದು) ಎಂಬುದೇ ಪ್ರಶ್ನೆ. ನಮ್ಮ ಹಳ್ಳಿ ಕಡೆ ಪಂಪ್‌ಸೆಟ್‌ಗಳ ಐಪಿ ಫೀಡರ್ ಬೇರೆ, ಊರಿಗೆ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರ್ ಬೇರೆ. ಐಪಿ ಫೀಡರ್‌ನಲ್ಲಿ ತ್ರೀ ಫೇಸ್ ಇರುವುದು ದಿನಕ್ಕೆ ಏಳು ಗಂಟೆಯ ಆಸುಪಾಸು, ಅದೂ ಪಾಳಿಯ ಮೇಲೆ. ಅದಕ್ಕೆ ಕಟ್ಟಿದ ಫಾಸ್ಟ್ ಚಾರ್ಜರ್ ಉಳಿದ ಹದಿನೇಳು ಗಂಟೆ ಬರೀ ಬೋರ್ಡು. ಎರಡೂ ಲೈನ್ ಒಂದೇ ಕಂಬದ ಮೇಲೆ ಹೋಗಿರುವ ಕಡೆಗಳೂ ಇವೆ, ನೋಡಿದರೆ ಗೊತ್ತಾಗುವುದಿಲ್ಲ. ಲೈನ್‌ಮ್ಯಾನ್‌ಗೆ ಫೀಡರ್ ಹೆಸರು ಕೇಳಿ, ಆ ಹೆಸರು ಹಿಡಿದು ಸಬ್‌ಸ್ಟೇಷನ್‌ಗೆ ಹೋಗಿ. ಅಲ್ಲಿ ಗಂಟೆಗೊಮ್ಮೆ ಪ್ರತಿ ಫೀಡರ್‌ನ ಆಂಪಿಯರ್ ಬರೆಯುವ ಲಾಗ್‌ಶೀಟ್ ಇರುತ್ತದೆ. ಬೇಸಿಗೆಯ ಒಂದು ವಾರದ ಸಂಜೆ ಆರರಿಂದ ಹತ್ತರ ಅಂಕಿ, ಎಷ್ಟು ಸಲ ಟ್ರಿಪ್ ಆಗಿದೆ ಎಂಬ ಲೆಕ್ಕ, ಇವೆರಡನ್ನು ನೋಡಿಕೊಂಡರೆ ಸಾಕು. ಸೆಕ್ಷನ್ ಆಫೀಸರ್ ಮೂಲಕ ಕೇಳಿದರೆ ಸಾಮಾನ್ಯವಾಗಿ ಇಲ್ಲ ಎನ್ನುವುದಿಲ್ಲ.

ಲೋಡ್ ಲೆಕ್ಕ ಹೀಗೆ. 60 ಕಿಲೋವ್ಯಾಟ್ ಹೊರಗೆ ಕೊಡುವ ಯಂತ್ರ ಒಳಗೆ ಎಳೆಯುವುದು ಸುಮಾರು 64. ಪವರ್ ಫ್ಯಾಕ್ಟರ್ 0.99 ಇರುತ್ತದೆ, 415 ವೋಲ್ಟ್‌ನಲ್ಲಿ ಫೇಸ್‌ಗೆ 90 ಆಂಪಿಯರ್. ಎರಡು ಯಂತ್ರಕ್ಕೆ 128, ದೀಪ, ಕ್ಯಾಮೆರಾ, ನೀರಿನ ಮೋಟಾರ್ ಎಂದು ಐದು ಸೇರಿಸಿ 133 ಕಿಲೋವ್ಯಾಟ್. ಎರಡೆರಡು ಗನ್ ಇವೆ ಎಂದು ಇದನ್ನು ದುಪ್ಪಟ್ಟು ಮಾಡುವವರಿದ್ದಾರೆ. ತಪ್ಪು. ಎರಡೂ ಗನ್ ಸಿಕ್ಕಿಸಿದರೆ ಅದೇ 60 ಹಂಚಿಹೋಗುತ್ತದೆ. ಬೇಕಾದ್ದಕ್ಕಿಂತ ಹೆಚ್ಚು ಲೋಡ್ ಬರೆಸಿದರೆ ಕಾರು ಬರಲಿ ಬಿಡಲಿ, ತಿಂಗಳು ತಿಂಗಳು ನಿಗದಿತ ಶುಲ್ಕ ಕಟ್ಟುತ್ತಲೇ ಇರಬೇಕು. ಅಲ್ಲದೆ 150 ಕಿಲೋವ್ಯಾಟ್ ಒಳಗಿದ್ದರೆ ಎಲ್‌ಟಿಯಲ್ಲೇ (ಕಡಿಮೆ ವೋಲ್ಟೇಜ್ ಸಂಪರ್ಕ) ಮುಗಿಯುತ್ತದೆ. ಅದು ದಾಟಿದರೆ ಎಚ್‌ಟಿ (ಹೆಚ್ಚು ವೋಲ್ಟೇಜ್) ಮೀಟರಿಂಗ್ ಕ್ಯೂಬಿಕಲ್, ಅದರ ಟೆಸ್ಟಿಂಗ್ ಎಂದು ಇನ್ನೂ ಒಂದು ಸರತಿಯಲ್ಲಿ ನಿಲ್ಲಬೇಕು. ಈಚಿನ ಕೆಲವು ಕಾರುಗಳು ನೂರಕ್ಕೂ ಮೇಲೆ ಎಳೆಯುತ್ತವೆ, ನಿಜ. ಆದರೆ ಹೊಸ ಜಾಗದಲ್ಲಿ ಮೊದಲು 60ರ ಎರಡು ಯಂತ್ರ ಇಟ್ಟು, ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮಾತ್ರ 250 ಕೆವಿಎ ಹಾಕಿ ಮೂರನೆಯದಕ್ಕೆ ದಾರಿ ಬಿಟ್ಟುಕೊಳ್ಳುವುದೇ ಜಾಣತನ ಎಂದು ನಮ್ಮ ಅಭಿಪ್ರಾಯ.

ಇನ್ನೊಂದು ಅಂಕಿ ಜೇಬಿನಲ್ಲಿರಲಿ. ಈ 133 ಕಿಲೋವ್ಯಾಟ್ 11 ಕೆವಿ ಬದಿಯಲ್ಲಿ ಬರೀ ಏಳು ಆಂಪಿಯರ್. "ಫೀಡರ್ ಫುಲ್ ಆಗಿದೆ" ಎಂಬ ಉತ್ತರ ಬಂದಾಗ ಲಾಗ್‌ಶೀಟ್‌ನ ಅಂಕಿಯ ಪಕ್ಕ ಈ ಏಳನ್ನು ಬರೆದು ತೋರಿಸಿದರೆ ಮಾತು ಬೇರೆ ದಾರಿಗೆ ಬರುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ಚಾರ್ಜಿಂಗ್ ಕೇಂದ್ರಕ್ಕೆ ಲೈಸೆನ್ಸ್ ಬೇಡ ಎಂದು ಕೇಂದ್ರ ಇಂಧನ ಸಚಿವಾಲಯ 2018ರಲ್ಲೇ ಸ್ಪಷ್ಟಪಡಿಸಿದೆ. ಅಡ್ಡ ಬರುವುದು ಜಾಗದ ದಾಖಲೆ. ಹೋಟೆಲ್ ಇರುವಷ್ಟು ನೆಲ ಭೂ ಪರಿವರ್ತನೆಯಾಗಿ, ಪಾರ್ಕಿಂಗ್ ಇರುವ ಹಿಂದಿನ ಹತ್ತು ಗುಂಟೆ ಇನ್ನೂ ಪಹಣಿಯಲ್ಲಿ ಕೃಷಿ ಎಂದೇ ಇರುವುದು ಬಹಳ ಸಾಮಾನ್ಯ. ಕರ್ನಾಟಕ ಭೂ ಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಪರಿವರ್ತನೆ ಆಗಿರುವ ಭಾಗದ ಸ್ಕೆಚ್ ತರಿಸಿ, ಚಾರ್ಜರ್ ಮತ್ತು ಟಿ.ಸಿ. ಎರಡೂ ಅದರೊಳಗೆ ಬರುವ ಹಾಗೆ ಗುರುತು ಹಾಕಬೇಕು. ಅಣ್ಣತಮ್ಮಂದಿರ ಜಂಟಿ ಖಾತೆಯಾದರೆ ಎಲ್ಲರ ಸಹಿ ಮೊದಲೇ ಆಗಲಿ. ಒಂದು ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ನೋಂದಣಿಯಾಗಲೇಬೇಕು. ಹನ್ನೊಂದು ತಿಂಗಳ ಕರಾರು ಇಟ್ಟುಕೊಂಡು ಟಿ.ಸಿ. ನಿಲ್ಲಿಸುವುದು ನೀರಿನ ಮೇಲೆ ಮನೆ ಕಟ್ಟಿದಂತೆ. ಅದೇ ಆವರಣದಲ್ಲಿರುವ ಹಳೆಯ ಆರ್‌ಆರ್ ನಂಬರ್‌ಗಳನ್ನೆಲ್ಲ ಬರೆದುಕೊಂಡು ಬಾಕಿ ನೋಡಿ. ಮುಚ್ಚಿಹೋದ ಢಾಬಾದ ಹೆಸರಿನಲ್ಲಿ ಉಳಿದ ಬಾಕಿಯಿಂದ ಹೊಸ ಅರ್ಜಿ ಕೂತುಬಿಡುತ್ತದೆ.

ಪೆಟ್ರೋಲ್ ಬಂಕ್‌ನಲ್ಲಿ ದಾಖಲೆ ಸಾಮಾನ್ಯವಾಗಿ ಚೊಕ್ಕ ಇರುತ್ತದೆ. 2023ರ ಮಾರ್ಚ್‌ನಲ್ಲಿ ಕೇಂದ್ರದ ವಿದ್ಯುತ್ ವಾಹನ ಉತ್ತೇಜನದ ಫೇಮ್-2 ಯೋಜನೆಯಡಿ ಮೂರು ತೈಲ ಕಂಪನಿಗಳಿಗೆ 800 ಕೋಟಿ ರೂಪಾಯಿ ಮಂಜೂರಾಗಿ 7,432 ಫಾಸ್ಟ್ ಚಾರ್ಜಿಂಗ್ ಕೇಂದ್ರಗಳನ್ನು ಬಂಕ್‌ಗಳಿಗೆ ಗೊತ್ತುಮಾಡಿದ್ದಕ್ಕೆ ಅದೂ ಒಂದು ಅನುಕೂಲ. ಅಲ್ಲಿ ತಡವಾಗುವುದು ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತೆಯ ಕೇಂದ್ರ ಸಂಸ್ಥೆ) ಅನುಮೋದಿತ ನಕ್ಷೆಯಿಂದ. ಡಿಸ್ಪೆನ್ಸರ್, ಟ್ಯಾಂಕ್ ತುಂಬುವ ಬಾಯಿ, ವೆಂಟ್ ಪೈಪ್ ಇವುಗಳ ಅಪಾಯ ವಲಯದ ಹೊರಗೆ ಚಾರ್ಜರ್ ಇದೆ ಎಂದು ನಕ್ಷೆ ತೋರಿಸಬೇಕು. ಕಟ್ಟೆ ಹಾಕಿದ ಮೇಲೆ ನಕ್ಷೆ ಬರೆಸಿದರೆ ಕಟ್ಟೆ ಒಡೆಯುವುದೇ ಗತಿ.

ಅರ್ಜಿ ಹಾಕಿದ ಮೇಲೆ ಎಷ್ಟು ದಿನ? ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಕ್ಕೆ 2024ರಲ್ಲಿ ಆದ ತಿದ್ದುಪಡಿಯ ಪ್ರಕಾರ ಮಹಾನಗರದಲ್ಲಿ ಮೂರು ದಿನ, ಪುರಸಭೆ ಪ್ರದೇಶದಲ್ಲಿ ಏಳು, ಹಳ್ಳಿಯಲ್ಲಿ ಹದಿನೈದು. ಇದನ್ನು ಓದಿ ಉದ್ಘಾಟನೆಗೆ ದಿನ ಗೊತ್ತುಮಾಡಬೇಡಿ. ಲೈನ್ ಎಳೆಯುವ ಕೆಲಸವಿಲ್ಲದ ಕನೆಕ್ಷನ್‌ಗೆ ಮಾತ್ರ ಈ ಲೆಕ್ಕ. ಹೆದ್ದಾರಿ ಕೇಂದ್ರಕ್ಕೆ ಹೊಸ ಟಿ.ಸಿ. ಬೇಕೇ ಬೇಕು. ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ತಾನೇ ಮಾಡಿಕೊಡಲಿ ಎಂದು ಕಾಯುವ ಬದಲು ಸ್ವಯಂ ನಿರ್ವಹಣೆಯಲ್ಲಿ ಕೇಳಿಕೊಳ್ಳುವುದು ಬೇಗ. ಎಸ್ಟಿಮೇಟ್ ಮೊತ್ತದ ಶೇ. 10ರಷ್ಟು ಮೇಲ್ವಿಚಾರಣಾ ಶುಲ್ಕ ಕಟ್ಟಿ ಲೈಸೆನ್ಸ್ ಇರುವ ಕಾಂಟ್ರಾಕ್ಟರ್ ಕೈಲಿ ಕೆಲಸ ಮಾಡಿಸಿಕೊಳ್ಳಬಹುದು. ಆದರೆ ಟಿ.ಸಿ. ಎಸ್ಕಾಂ ಒಪ್ಪಿದ ತಯಾರಕರದ್ದೇ ಆಗಿರಬೇಕು, ಅದಕ್ಕೆ ವಾರಗಟ್ಟಲೆ ಕಾಯುವುದಿದೆ. ಎಸ್ಟಿಮೇಟ್ ಮಂಜೂರಾದ ದಿನವೇ ಮೊದಲ ಆರ್ಡರ್ ಟಿ.ಸಿ.ಗೆ ಹೋಗಲಿ. ಅದೇ ವಾರ ಸಿಂಗಲ್ ಲೈನ್ ಡ್ರಾಯಿಂಗ್ ಮತ್ತು ಅರ್ಥಿಂಗ್ ಡ್ರಾಯಿಂಗ್ ವಿದ್ಯುತ್ ಪರಿವೀಕ್ಷಣಾಲಯಕ್ಕೆ. ಕೆಲಸ ಮುಗಿದ ಮೇಲೆ ಡ್ರಾಯಿಂಗ್ ಕಳಿಸುವ ಚಾಳಿಯಿಂದಲೇ ಕೊನೆಯ ಒಂದು ತಿಂಗಳು ಸುಮ್ಮನೆ ಹೋಗುತ್ತದೆ.

ಲೈನ್ ಹೆದ್ದಾರಿಯ ಆಚೆ ಬದಿಗಿದ್ದರೆ ಆ ಜಾಗವನ್ನೇ ಬಿಟ್ಟುಬಿಡಿ ಎನ್ನುತ್ತೇವೆ. ಹೆದ್ದಾರಿ ಅಡ್ಡ ದಾಟಿಸಲು ಪ್ರಾಧಿಕಾರದ ಅನುಮತಿ, ಠೇವಣಿ, ರಸ್ತೆ ಅಗೆಯದೆ ಕೆಳಗಿನಿಂದ ಕೊರೆಯುವ ಯಂತ್ರ ಎಲ್ಲ ಬೇಕು. ಈ ಬದಿಯಲ್ಲೇ ಇದ್ದರೆ ನಾಲ್ಕೈದು ಕಂಬ, ಒಂದು ಎರಡು-ಕಂಬದ ಸ್ಟ್ರಕ್ಚರ್, ಅಷ್ಟೇ. ಲೈನ್‌ಗೆ ಜೋಡಿಸಲು ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಬಂದ್ ಮಾಡಿಕೊಡುವ ಅನುಮತಿ) ಕೇಳುವಾಗ ಜೋಡಿಸುವ ತಂತಿ ಜಂಪರ್, ಕಂಬದ ಸ್ವಿಚ್ ಜಿಒಎಸ್ ಎಲ್ಲ ಕಟ್ಟಿ ತಯಾರಿರಲಿ. ಎರಡು ಗಂಟೆ ಕೊಟ್ಟಿರುತ್ತಾರೆ, ಅಷ್ಟರಲ್ಲಿ ಮುಗಿಯದಿದ್ದರೆ ಮತ್ತೊಂದು ಎಲ್‌ಸಿಗೆ ಮತ್ತೊಂದು ವಾರ. ಪರೀಕ್ಷೆ, ಜಾತ್ರೆ, ಚುನಾವಣೆ ಸಮಯದಲ್ಲಿ ಕೇಳಲೂಬೇಡಿ.

ಇನ್ನು ಅರ್ಥಿಂಗ್. ಎಲ್ಲ ಮುಗಿದು ಕಾರಿಗೆ ಗನ್ ಸಿಕ್ಕಿಸಿದಾಗ ಪರದೆಯ ಮೇಲೆ ಗ್ರೌಂಡ್ ಫಾಲ್ಟ್ ಬಂದು ನಿಂತರೆ ನೂರಕ್ಕೆ ತೊಂಬತ್ತು ಪಾಲು ಕಾರಣ ಇದೇ. ಯಂತ್ರದವರು ಕೇಳುವುದು ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೂರು ವೋಲ್ಟ್‌ಗಿಂತ ಕಡಿಮೆ. ಚಿತ್ರದುರ್ಗದ ಬಂಡೆ ನೆಲದಲ್ಲಿ ಅದನ್ನು ತರುವುದು ಸುಲಭವಲ್ಲ. ಬಹಳ ಜನ ನಾಲ್ಕು ಗುಂಡಿಯನ್ನು ಒಂದೊಂದು ಮೀಟರ್ ಅಂತರದಲ್ಲಿ ಸಾಲಾಗಿ ತೋಡಿ, ನಾಲ್ಕು ಅರ್ಥ್ ಆಯಿತು ಎನ್ನುತ್ತಾರೆ. ಮೂರು ಮೀಟರ್ ಉದ್ದದ ರಾಡ್ ತನ್ನ ಸುತ್ತ ಹೆಚ್ಚುಕಡಿಮೆ ಅಷ್ಟೇ ಅಗಲದ ಮಣ್ಣನ್ನು ಬಳಸಿಕೊಳ್ಳುತ್ತದೆ. ಪಕ್ಕಪಕ್ಕ ಹೂತರೆ ನಾಲ್ಕೂ ಒಂದೇ ಮಣ್ಣಿಗೆ ಜೋತುಬಿದ್ದು ಒಂದೂವರೆ ರಾಡ್‌ನ ಕೆಲಸ ಮಾಡುತ್ತವೆ. ಆರು ಮೀಟರ್ ಅಂತರ ಕೊಡಿ. ಟಿ.ಸಿ. ನ್ಯೂಟ್ರಲ್‌ಗೆ ಎರಡು, ಅದರ ಲೋಹದ ಹೊರಮೈಗೆ ಎರಡು, ಸಿಡಿಲು ಅರೆಸ್ಟರ್‌ಗೆ ಬೇರೆಯೇ ಒಂದು, ಪ್ರತಿ ಚಾರ್ಜರ್‌ಗೆ ಎರಡು. ರಾಡ್ ಸುತ್ತ ಬೆಂಟೊನೈಟ್ ಪುಡಿಯನ್ನು ನೀರಲ್ಲಿ ಗಂಜಿಯಂತೆ ಕಲಸಿ ಸುರಿಯಬೇಕು. ಒಣಪುಡಿ ಸುರಿದು ಮೇಲೆ ನೀರು ಬಿಟ್ಟರೆ ಮೇಲಿನ ಪದರ ಅಂಟಾಗಿ ನೀರು ಕೆಳಗಿಳಿಯದು, ಅರ್ಧ ರಾಡ್ ಗಾಳಿಯಲ್ಲಿ ನಿಂತಂತೆ. ಅಳತೆ ಏಪ್ರಿಲ್‌ನಲ್ಲಿ ತೆಗೆಯಿರಿ. ಆಗಸ್ಟ್‌ನಲ್ಲಿ ಎಂಥ ಗುಂಡಿಯೂ ಒಳ್ಳೆಯ ಅಂಕಿ ಕೊಡುತ್ತದೆ. ಮೇಲೆ ಕಾಣುವ ಕಡೆ ತಾಮ್ರದ ಪಟ್ಟಿ ಬೇಡ, ಜಿಐ (ಸತು ಲೇಪಿಸಿದ ಕಬ್ಬಿಣ) ಪಟ್ಟಿಯೇ ಸಾಕು. ತಾಮ್ರ ಬೆಳಗಾಗುವಷ್ಟರಲ್ಲಿ ಗುಜರಿ ಸೇರಿರುತ್ತದೆ.

ಕಟ್ಟೆಯನ್ನು ನೆಲಕ್ಕಿಂತ 300 ಮಿಲಿಮೀಟರ್ ಎತ್ತರಿಸಿ ಎಂ-20 ಕಾಂಕ್ರೀಟ್ ಹಾಕಿ, ಒಂದು ವಾರ ನೀರು ಹಿಡಿಸಿ. ಬೋಲ್ಟ್ ಮತ್ತು ಪೈಪ್ ಜಾಗಕ್ಕೆ ತಯಾರಕರ ಡ್ರಾಯಿಂಗನ್ನೇ ಪ್ಲೈವುಡ್ ಮೇಲೆ ಇಳಿಸಿ ತೂತು ಹೊಡೆದು ಅಚ್ಚು ಮಾಡಿಕೊಳ್ಳುತ್ತೇವೆ. ಪೈಪ್ ನಾಲ್ಕು ಬೆರಳು ಆಚೆ ಬಂದರೂ ಕೇಬಲ್ ಗ್ಲ್ಯಾಂಡ್ ಪ್ಲೇಟಿಗೆ ಕೂರುವುದಿಲ್ಲ, ಯಾಕೆಂದರೆ ಆರ್ಮರ್ಡ್ ಕೇಬಲ್ ತನ್ನ ದಪ್ಪದ ಹನ್ನೆರಡು ಪಟ್ಟಿಗಿಂತ ಬಿಗಿಯಾಗಿ ಬಾಗಬಾರದು. ಪ್ರತಿ ಯಂತ್ರಕ್ಕೆ ಮೂರೂವರೆ ಕೋರ್‌ನ 95 ಚದರ ಮಿಲಿಮೀಟರ್ ಅಲ್ಯೂಮಿನಿಯಂ ಕೇಬಲ್, 125 ಆಂಪಿಯರ್ ಎಂಸಿಸಿಬಿ (ಬ್ರೇಕರ್). ಚಾರ್ಜರ್ ಒಳಗಿನ ಬಸ್‌ಬಾರ್ ತಾಮ್ರದ್ದು. ಬೈಮೆಟಲ್ ಲಗ್ (ಎರಡೂ ಲೋಹಕ್ಕೆ ಹೊಂದುವ ಕೇಬಲ್ ತುದಿ) ಬಿಟ್ಟು ಬರೀ ಅಲ್ಯೂಮಿನಿಯಂ ಲಗ್ ಹಾಕಿದರೆ ಮೊದಲ ಬೇಸಿಗೆಯಲ್ಲೇ ಕಪ್ಪಾಗುತ್ತದೆ. ಕೇಬಲ್ ಎಳೆದ ಮೇಲೆ ಪೈಪಿನ ಬಾಯಿ ಫೋಮ್‌ನಿಂದ ಮುಚ್ಚಿ. ಇಲಿಗೆ ಬೆಚ್ಚಗಿನ ಜಾಗ ಬಹಳ ಇಷ್ಟ.

ಮೀಟರ್‌ಗೆ 187 ಆಂಪಿಯರ್ ಲೆಕ್ಕದಲ್ಲಿ 200/5 ಸಿಟಿ (ಮೀಟರ್‌ಗೆ ಕರೆಂಟ್ ಇಳಿಸಿ ಕೊಡುವ ಕರೆಂಟ್ ಟ್ರಾನ್ಸ್‌ಫಾರ್ಮರ್) ಸಾಕು. ಮಂಜೂರಾದ ಲೋಡಿಗೆ ಹೊಂದದ ಸಿಟಿ ತಂದರೆ ಮೀಟರ್ ಟೆಸ್ಟಿಂಗ್‌ನವರು ಅಲ್ಲಿಂದಲೇ ವಾಪಸ್ ಹೋಗುತ್ತಾರೆ.

ಕರೆಂಟ್ ಕೊಟ್ಟ ಟಿ.ಸಿ.ಯನ್ನು ಒಂದು ದಿನ ಲೋಡ್ ಇಲ್ಲದೆ ಖಾಲಿ ಬಿಟ್ಟು ವೋಲ್ಟೇಜ್ ಬರೆದುಕೊಳ್ಳಿ, ಮಧ್ಯರಾತ್ರಿಯದೂ ಸೇರಿ. ಫೀಡರ್‌ನ ತುದಿಯಲ್ಲಿ ಸಂಜೆ ಏಳಕ್ಕೆ 365ಕ್ಕೆ ಇಳಿದು, ರಾತ್ರಿ ಎರಡಕ್ಕೆ 440 ತೋರಿಸುವುದುಂಟು. ಟಿ.ಸಿ.ಯ ಟ್ಯಾಪ್ (ವೋಲ್ಟೇಜ್ ಹೆಚ್ಚುಕಡಿಮೆ ಮಾಡುವ ಸ್ವಿಚ್) ಒಂದು ಮೆಟ್ಟಿಲು ಏರಿಸಿದರೆ ಸುಮಾರು ಹತ್ತು ವೋಲ್ಟ್ ಸಿಗುತ್ತದೆ. ಸಂಜೆಯ ಅಂಕಿ ಒಂದನ್ನೇ ನೋಡಿ ಎರಡು ಮೆಟ್ಟಿಲು ಏರಿಸಿದರೆ ರಾತ್ರಿ ಓವರ್ ವೋಲ್ಟೇಜ್ ಎಂದು ಯಂತ್ರ ಬಂದ್ ಆಗುತ್ತದೆ. ಟ್ಯಾಪ್ ಮುಟ್ಟುವುದು ಲೈನ್ ಬಂದ್ ಮಾಡಿಯೇ, ಅಂದರೆ ಮತ್ತೆ ಎಲ್‌ಸಿ.

ಕೊನೆಗೆ ಸಿಮ್. ಚಾರ್ಜರ್ ನಿಲ್ಲುವ ಜಾಗದಲ್ಲೇ, ತಗಡಿನ ಶೀಟ್ ಕೆಳಗೆ ನಿಂತು ಮೂರು ಕಂಪನಿಯ ಸಿಗ್ನಲ್ ನೋಡಿ ಸಿಮ್ ಆರಿಸಬೇಕು. ಸಿಗ್ನಲ್ ಕೈಕೊಟ್ಟರೆ ಕಾರು ಎದುರಿಗಿದ್ದರೂ ಆ್ಯಪ್‌ನಲ್ಲಿ ಕೇಂದ್ರ "ಲಭ್ಯವಿಲ್ಲ". ಶೀಟ್ ಮೇಲಕ್ಕೆ ಆಂಟೆನಾ ಎತ್ತಲು ಐದು ಮೀಟರ್ ತಂತಿ ಬೇಕು, ಅದು ಚಾರ್ಜರ್ ಜೊತೆ ಪೆಟ್ಟಿಗೆಯಲ್ಲಿ ಬರುವುದಿಲ್ಲ. ಯಂತ್ರದ ಆರ್ಡರ್‌ನಲ್ಲೇ ಬರೆಸಿ.