ಅರ್ಧ ಕೆಜಿ ಬೇಳೆಯಿಂದ ಶುರು ಮಾಡಿ

ಆಟಿಸಂ ಇರುವ ಹುಡುಗನಿಗೆ ದಿನಸಿ ಅಂಗಡಿಯ ಪ್ಯಾಕಿಂಗ್ ಕೆಲಸ ಕಲಿಸಬೇಕು ಅಂದುಕೊಳ್ಳಿ. ‘ಬೇಳೆ ಪ್ಯಾಕ್ ಮಾಡು’ ಅಂದರೆ ನಮಗೆ ಒಂದೇ ಕೆಲಸ. ಅವನಿಗೆ ಅದರೊಳಗೆ ಎಂಟು ಕೆಲಸ.

ಮೊದಲು ನೀವೇ ಕೂತು ಒಂದು ಪ್ಯಾಕೆಟ್ ಮಾಡಿ. ಕೈ ಏನೇನು ಮಾಡಿತೋ ಎಲ್ಲ ಬರೆದುಕೊಳ್ಳಿ: ಕವರ್ ತಗೋ, ಬಾಯಿ ಬಿಡಿಸು, ತಕ್ಕಡಿ ಮೇಲಿಡು, ಸೊನ್ನೆ ಬಟನ್ ಒತ್ತು, ಬೇಳೆ ಸುರಿ, ಅಂಕಿ ನೋಡು, ಸೀಲ್ ಮಾಡು, ಟ್ರೇಗೆ ಹಾಕು. ಸೊನ್ನೆ ಬಟನ್ ಬರೆಯಲು ಮರೆಯುವವರೇ ಜಾಸ್ತಿ. ನಮ್ಮ ಕೈ ತಾನಾಗೇ ಒತ್ತಿಬಿಟ್ಟಿರುತ್ತೆ, ಅಲ್ವಾ? ಪ್ರತಿ ಹಂತಕ್ಕೂ ಮೊಬೈಲಲ್ಲಿ ಫೋಟೊ ತೆಗೆದು, ಪ್ರಿಂಟ್ ಹಾಕಿಸಿ ಮೇಜಿನ ಎದುರು ಸಾಲಾಗಿ ಅಂಟಿಸಿ.

ಕಲಿಸುವುದು ಕೊನೆಯಿಂದ. ಮೊದಲ ದಿನ ಏಳು ಹಂತ ನೀವು ಮಾಡಿ. ಟ್ರೇಗೆ ಹಾಕುವುದಷ್ಟೇ ಅವನ ಪಾಲು. ಅದು ಕೈಗೆ ಹತ್ತಿದ ಮೇಲೆ ಸೀಲಿಂಗ್. ಹೀಗೆ ಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಸುವವನು ಅವನೇ. ಸೀಲಿಂಗ್ ಮೆಷಿನ್ ಬಿಸಿ ಇರುತ್ತದೆ, ಕೈ ಇಡುವ ಜಾಗಕ್ಕೆ ಬಣ್ಣದ ಟೇಪ್ ಹಚ್ಚಿ.

ತೂಕದ ಹತ್ತಿರ ಎಡವುವುದು ಹೆಚ್ಚಾಗಿ ಕಲಿಸುವ ನಾವೇ. ‘ಇನ್ನೂ ಸ್ವಲ್ಪ ಹಾಕು’ ಅನ್ನುತ್ತೇವೆ. ಸ್ವಲ್ಪ ಅಂದರೆ ಎಷ್ಟು? 0.500 ಎಂದು ದೊಡ್ಡದಾಗಿ ಬರೆದು ತಕ್ಕಡಿಯ ಅಂಕಿಯ ಪಕ್ಕ ಅಂಟಿಸಿ. ಕೆಲವರು ಸರಿಯಾಗಿ ಅಷ್ಟೇ ಬರಲಿ ಎಂದು ನಾಲ್ಕು ಕಾಳು ಹಾಕಿ, ಮೂರು ತೆಗೆದು ಅರ್ಧ ಗಂಟೆ ಕೂರುತ್ತಾರೆ. ಆಗ 0.500, 0.501ರಿಂದ 0.505ರವರೆಗೆ ಆರೂ ಅಂಕಿ ಬರೆದು ‘ಇವೆಲ್ಲ ಸರಿ’ ಅನ್ನಿ.

ಅವನು ನಿಂತುಬಿಟ್ಟರೆ ತಕ್ಷಣ ಹೇಳಿಕೊಡಬೇಡಿ. ಹಿಂದೆ ನಿಂತು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಿ, ಆಮೇಲೆ ಫೋಟೊ ಕಡೆ ಬೆರಳು ತೋರಿಸಿ. ಬಾಯಲ್ಲಿ ಹೇಳುತ್ತಾ ಹೋದರೆ ನಿಮ್ಮ ದನಿಗೇ ಕಾಯುವುದು ಅಭ್ಯಾಸವಾಗುತ್ತದೆ. ಸುಮ್ನೆ ನಿಲ್ಲುವುದು ಅಪ್ಪ ಅಮ್ಮಂದಿರಿಗೆ ಬಹಳ ಕಷ್ಟ, ಗೊತ್ತು.

ಎಡಕ್ಕೆ 20 ಖಾಲಿ ಕವರ್, ಬಲಕ್ಕೆ ಟ್ರೇ. ಎಡಗಡೆ ಖಾಲಿಯಾದರೆ ಟೀ. ಎಷ್ಟು ಉಳಿದಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಬೆಳೆದ, ಆಟಿಸಂ ಇರುವವರಿಗೆ ಕಲಿಸುವ ‘ಟೀಚ್’ (TEACCH) ಪದ್ಧತಿಯಲ್ಲೂ ಕೆಲಸ ಜೋಡಿಸುವುದು ಹೀಗೇ.

ಈ ನಡುವೆ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ.

ಮನೆಯಲ್ಲಿ ಬಂದದ್ದು ಅಂಗಡಿಯಲ್ಲಿ ತಾನಾಗೇ ಬರುವುದಿಲ್ಲ. ಅಲ್ಲಿ ಗಲಾಟೆ ಬೇರೆ, ತಕ್ಕಡಿಯೂ ಬೇರೆ. ಫೋಟೊಗಳನ್ನು ಕಿತ್ತು ಜೊತೆಗೆ ಒಯ್ಯಿರಿ. ಸೊನ್ನೆ ಬಟನ್ನಿನದು ಮಾತ್ರ ಅಲ್ಲೇ ಹೊಸದಾಗಿ ತೆಗೆಯಿರಿ.