ಸಂಗೀತ ಶಾಲೆಗೆ ಬಣ್ಣ ಬಳಿಸುವ ಮೊದಲು ಒಂದು ಚಪ್ಪಾಳೆ ತಟ್ಟಿ

ಚಿಕ್ಕಮಗಳೂರಿನಲ್ಲಿ ಮನೆಯ ಮಹಡಿಯಲ್ಲೋ ಬಾಡಿಗೆ ಮಳಿಗೆಯಲ್ಲೋ ಮಕ್ಕಳ ಸಂಗೀತ ಶಾಲೆ ತೆರೆಯುವವರಿಗೆ ಒಂದು ಸಲಹೆ. ಗೋಡೆಗೆ ವೀಣೆ, ತಂಬೂರಿಯ ಚಿತ್ರ ಬರೆಸುವ ಮೊದಲು ಖಾಲಿ ಕೋಣೆಯ ನಡುವೆ ನಿಂತು ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಟಣಟಣನೆ ಉಳಿದುಕೊಂಡರೆ, ಎದುರುಬದುರು ಗೋಡೆಗಳು ಅದನ್ನು ಚೆಂಡಿನಂತೆ ಎಸೆದಾಡುತ್ತಿವೆ ಎಂದರ್ಥ. ಅಂಥ ಕೋಣೆಯಲ್ಲಿ ಹತ್ತು ಮಕ್ಕಳು ಮೊದಲ ಸ್ವರಪಾಠವಾದ ಸರಳೆ ವರಸೆ ಹಾಡಿದರೆ ಯಾರ ಶ್ರುತಿ ತಪ್ಪಿತೆಂದು ಮೇಷ್ಟರಿಗೇ ತಿಳಿಯುವುದಿಲ್ಲ. ನೆಲಕ್ಕೆ ದಪ್ಪ ಜಮಖಾನ, ಒಂದು ಗೋಡೆಗೆ ನೆರಿಗೆ ಹೆಚ್ಚಿರುವ ಭಾರದ ಪರದೆ, ಎದುರು ಗೋಡೆಗೆ ಪುಸ್ತಕ ತುಂಬಿದ ತೆರೆದ ಕಪಾಟು ಇದ್ದರೆ ಪ್ರತಿಧ್ವನಿ ಸಾಕಷ್ಟು ತಗ್ಗುತ್ತದೆ. ಮೊಟ್ಟೆಯ ಟ್ರೇ ಅಂಟಿಸಿ ಎನ್ನುವವರ ಮಾತು ಕೇಳಲೇಬೇಡಿ. ಅದು ಪಕ್ಕದ ಮನೆಗೆ ಹೋಗುವ ಸದ್ದನ್ನು ತಡೆಯುವುದಿಲ್ಲ, ಕಿಡಿ ತಾಗಿದರೆ ಮಾತ್ರ ಬೇಗ ಹತ್ತಿಕೊಳ್ಳುತ್ತದೆ. ನೆರೆಯವರ ದೂರು ಇದ್ದರೆ ಮೊದಲು ಬಾಗಿಲಿನ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿಸಿ.

ನಮ್ಮ ಮಳೆಗಾಲವಂತೂ ವಾದ್ಯಗಳಿಗೆ ಶತ್ರು. ತೇವಕ್ಕೆ ಮೃದಂಗದ ಚರ್ಮ ಸಡಿಲಗೊಂಡು ಶ್ರುತಿ ಇಳಿಯುತ್ತದೆ, ಹಾರ್ಮೋನಿಯಂನ ಕೀಗಳು ಒತ್ತಿದರೆ ಮೇಲೇಳುವುದಿಲ್ಲ. ವಾದ್ಯಗಳ ಕಪಾಟನ್ನು ಮಳೆ ಬಡಿಯುವ ಹೊರಗೋಡೆಗೆ ಒರಗಿಸದೆ, ಒಳಗೋಡೆಯ ಬಳಿ ನೆಲದಿಂದ ಎತ್ತರಿಸಿ ಇಡಿ. ಒಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿರಲಿ. ಜಮಖಾನವನ್ನು ನೆಲಕ್ಕೆ ಅಂಟಿಸಬೇಡಿ, ಬಿಸಿಲು ಬಂದ ದಿನ ಹೊರಗೆ ಹರವಬೇಕಲ್ಲ!